ಎರಡನೇ ಕೀಲಿ

ಭೂತರಾಮನಹಟ್ಟಿಯ ಝೂದಾಗ ನಂದು
ಮಂಗ್ಯಾನ ಕೆಲಸ. ಊರಾಗ ಹಂಗ ಅಂತಾರ,
ನಾನೂ ಹಂಗ ಅಂತೀನಿ.

ಮುಂಜಾನೆ ಏಳಕ್ಕ ತಕ್ಕಡಿ: ಗಜ್ಜರಿ, ಸೌತಿ,
ನೆನಿಸಿದ ಕಡ್ಲಿ, ಅರ್ಧ ಪೇರಲ.
ಆಮ್ಯಾಲ ಹೇಲು ನೋಡಿ ವಹಿಯೊಳಗ ಬರಿಯೋದು,
ಗಟ್ಟಿ, ತೆಳು, ಬೀಜ ಹಂಗ ಬಿದ್ದಾವ.
‘ಕೂಸಿಂದೂ ಇಷ್ಟು ನೋಡಿಲ್ಲ ನೀ’ ಅಂತಾಳ ಚಂಪವ್ವ.
ಮೂರು ಸಲ ಸಾಬಾಣ ಹಚ್ಚಿದ್ರೂ
ಊಟಕ್ಕ ಬಾಗಲದಾಗ ಕೂಡಸ್ತಾಳ.

ಮುದಿ ಮುಸಿಯಾ, ಹೆಣ್ಣು. ಒಂದು ಕಣ್ಣಾಗ ಹೂ ಬಿದ್ದದ.
ಕೈ ಕೊಡಬ್ಯಾಡ ಅಂತ ಡಾಕ್ಟರ್ ಹೇಳ್ಯಾರ.
ಜಾಳಗಿಗೆ ತೋಳು ಆನಿಸಿದ್ರ ಸಾಕು
ಕೂದಲಾ ಬಿಡಿಸಿ ಬಿಡಿಸಿ ಹುಡುಕತಾಳ.
ಇಲ್ಲದ ಹೇನು ಆಕಿಗೆ ಸಿಗತಾವ,
ಬಾಯಿಗೂ ಹಾಕ್ಕೋತಾಳ.
ಡಾಕ್ಟರ ಬೂಟಿನ ಸಪ್ಪಳ
ಮೊದಲ ಕೇಳೋದು ಆಕಿಗೇ.
ಕೈ ಒಳಗ ಎಳಕೊಂಡು
ಎತ್ತಲೋ ನೋಡತಾಳ.

ನಿನ್ನೆ ರಾತ್ರಿ ಹನ್ನೊಂದಕ್ಕ, ಕಾಕತಿಯೊಳಗ,
ಹಾಸಿಗಿ ಮ್ಯಾಲ ಎದ್ದು ಕುಂತೆ.
ಎರಡನೇ ಕೀಲಿ ಹಾಕಿದ್ನೋ?
ತಲಿಗೆ ನೆನಪಿಲ್ಲ. ಕೈಗೂ ಇಲ್ಲ.
ಜಿಟಿಜಿಟಿ ಮಳಿ, ಸೈಕಲ್ಲು.
ಹೈವೇದ ಲಾರಿ ಒಂದೊಂದೂ
ಮೈಮ್ಯಾಲ ಕೆಸರು ಬರದು ಹೋತು.

ಹಾಕಿತ್ತು. ಎರಡೂ ಹಾಕಿದ್ವು.
ಜಗ್ಗಿ ಜಗ್ಗಿ ನೋಡಿದೆ.
ವಾಚ್‌ಮನ್ ದಸ್ತಗೀರ ನಗಲಿಲ್ಲ,
‘ಚಹಾ ಐತಿ’ ಅಂದ.

ಬ್ಯಾಟ್ರಿ ಬೆಳಕಿಗೆ ಆಕಿಗೆ ಬೆಳಗಾತು.
ಹಲಗಿ ಇಳಿದು ಬಂದ್ಲು, ಕೈ ಹೊರಗ ಚಾಚಿ.
ನನ್ನ ಕಿಸೆದಾಗ ಬರೇ ತಂಬಾಕದ ಚೀಟು.
ಖಾಲಿ ಅಂಗೈ ತೋರಿಸಿದೆ.
ಹಿಡದು, ಮೂಸಿ,
ತಿರುವಿ ನೋಡಿದ್ಲು
ಆ ಕಡೆಗೂ.