ಐ ಕಮ್, ಮಿಸ್

ಶಿಡ್ಲಘಟ್ಟದಲ್ಲಿ ಬೆಳಗಿನ ಐದೂವರೆ,
ಹೈಫಾಂಗಿನಲ್ಲಿ ಏಳು.
ಮಹಡಿಯ ಮೇಲೆ, ನೀರಿನ ಟ್ಯಾಂಕಿಗೆ ಫೋನ್ ಒರಗಿಸಿ,
ನೈಟಿಯ ಮೇಲೊಂದು ಕೋಟು ತೊಟ್ಟು ಡೆಮೊ ಪಾಠ ಮಾಡಿದೆ.
ಹನ್ನೆರಡು ಮಕ್ಕಳು, ಒಬ್ಬೊಬ್ಬರೂ ಅಂಚೆಚೀಟಿಯಷ್ಟು.
ಕೆಳಗೆ ಬಾಯ್ಲರ್ ಹೊತ್ತಿ, ಬೆಂದ ಗೂಡಿನ ವಾಸನೆ
ಮೆಟ್ಟಿಲು ಹತ್ತಿ ಬಂದು ಪಕ್ಕದಲ್ಲೇ ನಿಂತಿತು.
ವಾಸನೆ ಕ್ಯಾಮೆರಾಕ್ಕೆ ಬೀಳುವುದಿಲ್ಲ, ಸದ್ಯ.

ರೇಷ್ಮೆಗೂಡೊಂದನ್ನು ಹಿಡಿದು ವಾಟ್ ಈಸ್ ದಿಸ್ ಅಂದೆ.
ಮೊಟ್ಟೆ, ಅಂದಳೊಬ್ಬಳು.
ಕಡಲೆಕಾಯಿ, ಅಂದನೊಬ್ಬ.
ಇಬ್ಬರೂ ಸರಿಯೇ ಅನ್ನಿಸಿ ತಿದ್ದಲಿಲ್ಲ.
ತಿದ್ದದೆ ಬಿಟ್ಟದ್ದಕ್ಕೇ ಹೆಚ್ಚು ಅಂಕ ಬಂತಂತೆ.

ಎರಡು ವರ್ಷದ ಕರಾರು. ಇರಲು ಕೋಣೆ.
ಸಂಬಳ ತಿಂಗಳು ತಿಂಗಳೂ. ಈ ಸಾಲನ್ನು ಎರಡು ಸಲ ಓದಿದೆ.
ಅತಿಥಿ ಶಿಕ್ಷಕಿ ನಾನು, ಹನ್ನೊಂದು ವರ್ಷದ ಅತಿಥಿ;
ಜೂನಿನ ಗೌರವಧನ ದೀಪಾವಳಿಗೆ ಬಂದರೆ
ಸ್ಟಾಫ್ ರೂಮಿನಲ್ಲಿ ಖಾರಾಬೂಂದಿ ಹಂಚುವವಳು.

ಅರ್ಜಿಯಲ್ಲಿ ತಾಯ್ನುಡಿಗೆ ಬಿಟ್ಟದ್ದು ಒಂದೇ ಗೆರೆ.
ಅಮ್ಮ ಬೈದದ್ದು ತೆಲುಗಿನಲ್ಲಿ,
ಮಗ್ಗಿ ಬಾಯಿಗೆ ಬಂದದ್ದು ಕನ್ನಡದಲ್ಲಿ,
ಮೊದಲ ಗುಟ್ಟು ಪಕ್ಕದ ಮನೆಯ ಮೆಹಜಬೀನಳ ಕಿವಿಗೆ, ಉರ್ದುವಿನಲ್ಲಿ.
ಕನ್ನಡ ಅಂತ ಬರೆದೆ.
ಉಳಿದವು ಬೇಜಾರು ಮಾಡಿಕೊಳ್ಳಲಿಲ್ಲ,
ಅವಕ್ಕೆ ರೂಢಿಯಿದೆ.

ಸಂದರ್ಶನದವನು ಮೆಲ್ಲಗೆ ಹೇಳಿದ:
ನಿಮ್ಮ ವಿ, ಡಬ್ಲ್ಯು ಎರಡೂ ಒಂದೇ ಥರ ಕೇಳುತ್ತವೆ, ನೋಡಿಕೊಳ್ಳಿ.
ಕನ್ನಡಿಯ ಮುಂದೆ ತುಟಿ ಗುಂಡಗೆ ಮಾಡಿ ನೋಡಿಕೊಂಡೆ.
ಊದುಕೊಳವೆ ಹಿಡಿದವಳ ಹಾಗೆ ಕಂಡೆ.

ಅಣ್ಣ ನಾರೆಪ್ಪ ಕೇಳಿದ,
ಇಂಗ್ಲಿಷ್ ಕಲಿಸೋಕೆ ಇಂಗ್ಲೆಂಡಿಗಾದರೂ ಹೋಗಬಾರದೇನೆ?
ಹೆಡ್‌ಮಾಸ್ತರು ಪಿಳ್ಳಪ್ಪನವರು ಅಂದರು,
ಧೈರ್ಯವಾಗಿ ಹೋಗಮ್ಮ, ಇನ್ನೊಬ್ಬರು ಸಿಗ್ತಾರೆ.
ಸಮಾಧಾನಕ್ಕೆಂದೇ ಹೇಳಿದ್ದು.
ಎರಡು ರಾತ್ರಿ ನಿದ್ದೆ ಬರಲಿಲ್ಲ.

ಸಂಜೆ ಗಂಟೆ ಹೊಡೆದರೆ ಒಂಬತ್ತನೇ ಬಿ ಸೆಕ್ಷನ್ನು
ಬಾಗಿಲಲ್ಲಿ ಒಬ್ಬೊಬ್ಬರೇ ನಿಂತು
ಐ ಕಮ್, ಮಿಸ್
ಐ ವಿಲ್ ಕಮ್, ಮಿಸ್
ಅಂತ ಹೊರಡುತ್ತಾರೆ.
ಕಮ್ ಅಂದರೆ ಬರೋದು ಕಣ್ರೋ, ನೀವು ಹೋಗ್ತಿದ್ದೀರ,
ಐ ಯಾಮ್ ಲೀವಿಂಗ್ ಅನ್ನಿ.
ಹನ್ನೊಂದು ವರ್ಷ ಇದೇ ಬಾಗಿಲಲ್ಲಿ ಇದನ್ನೇ ತಿದ್ದಿದ್ದೇನೆ,
ಮಕ್ಕಳು ಮಾತ್ರ ಪ್ರತಿ ಜೂನಿಗೂ ಹೊಸಬರು.

ನಿನ್ನೆ ಮೋನಿಷಾ, ಒಂದು ಕಾಲು ಹೊಸಿಲಾಚೆ ಇಟ್ಟವಳು, ತಿರುಗಿದಳು.
ಲೀವಿಂಗ್ ಅಂದ್ರೆ ಬಿಟ್ಟುಬಿಡೋದಲ್ವಾ ಮಿಸ್?
ನಾನು ನಿಮ್ಮನ್ನ ಬಿಡ್ತಿಲ್ಲ.
ಬಸ್ಸಿಗೆ ಹೋಗ್ತಿದ್ದೀನಿ.

ಚಾಕ್‌ಪೀಸಿನ ಪುಡಿ ಒರೆಸಿಕೊಳ್ಳುತ್ತಾ ನಿಂತೇ ಇದ್ದೆ.
ನೂಲು ಬಿಚ್ಚಲು ಹೊರಟ ಅಮ್ಮ ದಿನಾ ಹೇಳುವುದು ಪೋಯೊಸ್ತಾ,
ಮೆಹಜಬೀನ್ ಗಂಡನ ಮನೆಗೆ ಹೊರಟಾಗ, ಅಳುತ್ತಲೇ, ಜಾಕೆ ಆತೌಂ.
ನಮ್ಮ ಓಣಿಯಲ್ಲಿ ಯಾರೂ ಬರೀ ಹೋದದ್ದಿಲ್ಲ.
ಸಾಯುವವರೂ ಏನೋ ಒಂದು ತರಲು ಹೋದ ಹಾಗೇ ಹೋದರು.

ಶುಕ್ರವಾರದೊಳಗೆ ಉತ್ತರ ಕೊಡಬೇಕು.
ಬಿಸಿ ನೀರಿನಲ್ಲಿ ನೂಲಿನ ಕೊನೆ ಹುಡುಕುವ ಕೈಗಳನ್ನು
ನೋಡುತ್ತಾ ಬೆಳೆದವಳು; ಅವಸರ ಮಾಡಿದರೆ ಹರಿಯುತ್ತದೆ ಅಂತ ಗೊತ್ತು,
ತಡಮಾಡಿದರೆ ಗೂಡು ಮೆತ್ತಗಾಗುತ್ತದೆ ಅಂತಲೂ.

ಗುರುವಾರ ರಾತ್ರಿ, ಅದೇ ಟ್ಯಾಂಕಿನ ಪಕ್ಕ,
ಒಂದೇ ಸಾಲು ಟೈಪಿಸಿದೆ: ಐ ವಿಲ್ ಕಮ್.
ವ್ಯಾಕರಣ ಸರಿಯಿದೆ.
ಅವರು ಓದಿಕೊಳ್ಳುವುದೂ ಸರಿಯೇ.

ಕಳಿಸುವ ಮುಂಚೆ ಎದ್ದು ನಿಂತು
ಶಾಲೆಯ ಕಡೆಗೆ ತಿರುಗಿ
ಒಮ್ಮೆ ಗಟ್ಟಿಯಾಗಿ ಹೇಳಿದೆ.
ಡಬ್ಲ್ಯು ಎಂದಿನಂತೆ ವಿ ಆಗಿಯೇ ಬಂತು.
ತಿದ್ದಲಿಲ್ಲ.