ಕನ್ನಡಿಯೊಳಗಿನ ಗಂಟು

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ.
ಗದ್ದದ ಹುಣ್ಣಿಗೆ ಬೇಕು.
ಬೆಳಗಿನ ಆರೂವರೆ, ಮೊಂತೆವಿದಿಯೋದ ಮೂರನೇ ಮಹಡಿ,
ಬಚ್ಚಲ ಬಲ್ಬಿನ ಬೆಳಕು. ಬೇಡವೆಂದರೂ ಬೆರಳು
ತಾನೇ ಹೋಗಿ ಕದ ತಟ್ಟುತ್ತದೆ:
ಇದ್ದೀಯಾ?
ಇದ್ದೇನೆ, ಅನ್ನುತ್ತದೆ ಒಳಗಿಂದ, ನೋವಿನ ದನಿಯಲ್ಲಿ.
ದವಡೆಯ ಅಂಚಿಗೆ ಇನ್ನೊಂದು. ಅದು ನಿನ್ನೆ ಇರಲಿಲ್ಲ.

ನನಗೀಗ ನಲವತ್ತೊಂದು.
ಹರೆಯ ಮನೆ ಖಾಲಿ ಮಾಡಿ ಎಷ್ಟೋ ವರ್ಷ;
ಸಾಮಾನೆಲ್ಲ ಹೊತ್ತೊಯ್ದು
ಇದೊಂದನ್ನು ಮರೆತು ಹೋಯಿತು.

ಕೆಲಸ ಫೋಟೋ ಸ್ಟುಡಿಯೋದಲ್ಲಿ. ತಿದ್ದುವವಳು ನಾನು.
ಮದುಮಗಳ ಮೂಗಿನ ಕೆಂಪು, ಮದುಮಗನ ಕ್ಷೌರದ ಗಾಯ,
ಶಾಲೆಯ ಗುಂಪುಚಿತ್ರದಲ್ಲಿ ಮೂವತ್ತೆರಡು ಹಣೆ.
ಪಕ್ಕದ ಚರ್ಮ ತಂದು ತೇಪೆ ಹಾಕಿದರೆ
ಗುಳ್ಳೆಯೊಂದಕ್ಕೆ ಎರಡು ಸೆಕೆಂಡು.
ಪಾಸ್‌ಪೋರ್ಟಿನ ಫೋಟೋ ಮಾತ್ರ ಮುಟ್ಟುವಂತಿಲ್ಲ;
ಸರ್ಕಾರಕ್ಕೆ ಇದ್ದ ಮುಖ ಇದ್ದಂತೆ ಬೇಕು.
ನಮ್ಮನ್ನು ಹಾಗೆ ಬಯಸುವುದು
ಸರ್ಕಾರವೊಂದೇ.

ಎಲಿದಾ ಚಿಕ್ಕಮ್ಮ: ಚಾಕಲೇಟು ಬಿಡು. ಬಿಟ್ಟೆ.
ಕೆಳಮನೆಯ ನೆಲ್ಬಾ: ಟೂತ್‌ಪೇಸ್ಟು ಹಚ್ಚು.
ಹಚ್ಚಿದೆ; ಮೊಡವೆಗೆ ಪುದೀನದ ವಾಸನೆ ಬಂತು, ಅಷ್ಟೆ.
ಯಜಮಾನ ಓಸ್ಮರ್, ಸೋರೆಬುರುಡೆಯ ಕಹಿ ಕಷಾಯದ
ಕೊಳವೆ ಕಚ್ಚಿಕೊಂಡೇ: ಮದುವೆಯಾದರೆ ಹೋಗುತ್ತೆ.
ಆಗಿದ್ದೆ. ಹೋಗಲಿಲ್ಲ.
ಗಂಡ ಹೋದ.

ಡಾಕ್ಟರ್ ಇರಿಗೋಯೆನ್ ಏನೂ ಬೈಯಲಿಲ್ಲ.
ದೀಪ ಹತ್ತಿರ ತಂದು, ಭೂಪಟ ಓದುವವರ ಹಾಗೆ ನೋಡಿ,
ಮುಟ್ಟಿನ ಲೆಕ್ಕ ಕೇಳಿ, "ಹಾರ್ಮೋನು" ಅಂದರು.
"ಕೊಳೆಯಲ್ಲ. ನಿಮ್ಮ ತಪ್ಪೂ ಅಲ್ಲ. ತಿಕ್ಕಬೇಡಿ."
ತೊಳೆಯಲು ಒಂದು ಜೆಲ್ಲು, ಬಟ್ಟೆಗೆ ತಾಗಬಾರದು;
ರಾತ್ರಿಗೆ ಮುಲಾಮು, ಬಟಾಣಿಯಷ್ಟು, ಇಡೀ ಮುಖಕ್ಕೆ;
ಮೋಡವಿದ್ದರೂ ಸನ್‌ಸ್ಕ್ರೀನು; ಹನ್ನೆರಡು ವಾರ.
"ಮೊದಮೊದಲು ಹೆಚ್ಚಾಗಬಹುದು.
ಎಲ್ಲರೂ ಆಗಲೇ ಬಿಡೋದು."

ಒಂದು ಬಟಾಣಿಯನ್ನು ಮುಖಕ್ಕೆಲ್ಲ ಹಂಚುವುದೆಂದರೆ
ತಿಂಗಳ ಕೊನೆಯ ದುಡ್ಡು ಹಂಚಿದ ಹಾಗೆ:
ಹಣೆಗಿಷ್ಟು, ಕೆನ್ನೆಗಿಷ್ಟು, ಗದ್ದಕ್ಕೆ ಸಾಲ.

ಮೂರನೇ ವಾರ ಮುಖ ಈರುಳ್ಳಿ, ಪದರ ಪದರ.
ನಾಲ್ಕನೇ ವಾರ ನೀಲಿ ದಿಂಬಿನ ಮೇಲೆ ಬಿಳಿ ಮಚ್ಚೆ:
ನನ್ನಿಂದ ಹೋಗದ ಬಣ್ಣ
ದಿಂಬಿನಿಂದ ಹೋಗಿತ್ತು.
ಭಾನುವಾರ ದಂಡೆಯ ಗೋಡೆಯ ಮೇಲೆ ಕೂತಾಗಲೂ ಲೆಕ್ಕ:
ಎಡಗೆನ್ನೆ ನದಿಗೆ, ಬಲಗೆನ್ನೆ ಜನಕ್ಕೆ.

ಆರನೇ ವಾರ ಯಮಿಲಾ ಬಂದಳು,
ಹದಿನೈದು ತುಂಬಿದ ಹಬ್ಬದ ಫೋಟೋಗೆ.
ಬಾಗಿಲಲ್ಲಿ ಹಿಡಿಸದಷ್ಟು ಲಂಗ;
ಹಣೆಯ ತುಂಬ ಸಾಸಿವೆ ಚೆಲ್ಲಿದಂತೆ.
ತಾಯಿ ನನ್ನ ಕಿವಿಯಲ್ಲಿ: ಎಲ್ಲ ತೆಗೆದುಬಿಡಿ.
ತೆಗೆದೆ.
ಹುಡುಗಿ ಪರದೆ ನೋಡಿದಳು. ಆಮೇಲೆ ನನ್ನ ಗದ್ದ.
ನೋಡುತ್ತಲೇ ಇದ್ದಳು. ಅಡ್ಡ ಹಿಡಿಯಬೇಕಿದ್ದ ಕೈ
ಮೌಸಿನ ಮೇಲೇ ಉಳಿಯಿತು.
"ನಿಮ್ಮ ವಯಸ್ಸಿಗೂ ಹೋಗಲ್ವಾ?"
ತಾಯಿ ಕೆಮ್ಮಿದಳು.

ಸುಳ್ಳೇ ನನ್ನ ಕಸುಬು, ಒಂದಕ್ಕೆ ಎರಡು ಸೆಕೆಂಡು.
"ಕೆಲವರಿಗೆ ಹೋಗಲ್ಲ," ಅಂದೆ. "ನನಗಿದು ಆರನೇ ವಾರ."
ಅವಳು ಚೀಲದಿಂದ ತೆಗೆದಳು ಟ್ಯೂಬು, ಅದೇ ಮುಲಾಮು,
ಬುಡದಿಂದ ಮಡಚಿ ಮಡಚಿ ಹಿಂಡಿದ್ದು.
"ನಂದು ಒಂಬತ್ತು," ಅಂದಳು,
ಮೇಲಿನ ತರಗತಿಯವಳ ಜಂಬದಲ್ಲಿ.
"ಪೂರ್ತಿ ಒಣಗಿದ ಮೇಲೆ ಹಚ್ಚಿ. ಒದ್ದೆ ಮುಖಕ್ಕೆ ಉರಿಯುತ್ತೆ."
ಇದನ್ನು ಡಾಕ್ಟರೂ ಹೇಳಿರಲಿಲ್ಲ,
ಅಥವಾ ಹೇಳಿದಾಗ ನಾನು ಅಳು ನುಂಗುತ್ತಿದ್ದೆ.

ಹೋಗುವಾಗ ಲಂಗ ಬಾಗಿಲಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಟ್ಟೆ.

ಕನ್ನಡಿಯೊಳಗಿನ ಗಂಟು ಕೈಗೆ ಸಿಗದು ಅನ್ನುತ್ತಾರೆ.
ಸಿಗುತ್ತದೆ. ಅದೇ ಕಷ್ಟ.
ಈ ರಾತ್ರಿ ಮುಖ ತೊಳೆದು, ಟವಲು ಒತ್ತಿ,
ಗಡಿಯಾರ ನೋಡುತ್ತ ಇಪ್ಪತ್ತು ನಿಮಿಷ.
ಕಿಟಕಿಯಾಚೆ ಕಂದು ನದಿ
ಕಡಲೆಂದು ನಟಿಸುತ್ತಿದೆ.
ಕಾಯುತ್ತಿದ್ದೇನೆ ಒಣಗಲೆಂದು,
ಹತ್ತೂ ಬೆರಳುಗಳ ಮೇಲೆ
ಕೂತು.