ಎರಡನೇ ಬಾಗಿಲ ಖಜಾಂಚಿ

ತಿಂಗಳ ಮೊದಲ ಭಾನುವಾರ ನಾನು, ಲಮಾರಾ,
ಲಿಫ್ಟಿನ ಡಬ್ಬಿಯ ಬೀಗ ತೆಗೆಯುತ್ತೇನೆ.
ತ್ಬಿಲಿಸಿಯ ಈ ಅಂಚಿನಲ್ಲಿ ಮೇಲೇರಲು ಕಾಸು ಹಾಕಬೇಕು.
ಇಳಿಯುವುದು ಪುಕ್ಕಟೆ.
ಒಂಬತ್ತು ಮಹಡಿ, ಮೂವತ್ತಾರು ಮನೆ,
ಲಿಫ್ಟು ಒಂದೇ, ನನಗಿಂತ ಎಂಟು ವರ್ಷ ಚಿಕ್ಕದು,
ಮಂಡಿನೋವು ಮಾತ್ರ ಇಬ್ಬರಿಗೂ ಸಮ.

ಮೇಜಿನ ಮೇಲೆ ಹಳೇ ಪತ್ರಿಕೆ ಹಾಸಿ ಸುರಿದರೆ
ಇಪ್ಪತ್ತರ ಟೆಟ್ರಿ, ಹತ್ತರದು, ಯಾರದೋ ಕೋಟಿನ ಗುಂಡಿ,
ಮತ್ತು ವಾಶರುಗಳು.
ಕಬ್ಬಿಣದವು. ಅಂಚನ್ನು ಅರದಿಂದ ಉಜ್ಜಿ ಉಜ್ಜಿ
ನಾಣ್ಯದ ಅಳತೆಗೆ ತಂದವು.
ಎಂಥ ಕೆಲಸವೆಂದರೆ, ಬೈಯುವ ಮುಂಚೆ
ಒಂದು ಗಳಿಗೆ ಅಂಗೈಯಲ್ಲಿಟ್ಟು ನೋಡಬೇಕು.

ಲಿಫ್ಟಿನದು ಒಂದೇ ಆಗಿದ್ದರೆ ಹೇಗೋ ನಡೆಯುತ್ತಿತ್ತು.
ನೆಲಮಾಳಿಗೆಯಲ್ಲಿ ಹೋದ ಮಾರ್ಚಿನಿಂದ ನೀರು ನಿಂತಿದೆ.
ಕಸದ ತೊಟ್ಟಿಯನ್ನು ನಮ್ಮವರು ರಾತ್ರೋರಾತ್ರಿ
ಪಕ್ಕದ ಕಟ್ಟಡಕ್ಕೆ ದಾಟಿಸುತ್ತಾರೆ,
ಬೆಳಗಾಗುವಷ್ಟರಲ್ಲಿ ಅದು
ಮುನಿಸಿಕೊಂಡು ತವರಿಗೆ ಬಂದವಳ ಹಾಗೆ ಬಾಗಿಲಲ್ಲಿ.
ಉಯ್ಯಾಲೆ ಕಂಬಗಳ ನಡುವೆ ಗೋಚಾನ ಜೀಪು.
ಮಕ್ಕಳು ಎಲ್ಲಿ ಆಡಬೇಕಪ್ಪ ಎಂದರೆ
ಫೋನಿನಲ್ಲಿ, ಅನ್ನುತ್ತಾನೆ.
ಆರನೇ ಮಹಡಿಯ ಬಲ್ಬು, ಹಾಕಿದ ರಾತ್ರಿಯೇ ಮಾಯ.
ನಗರಸಭೆಗೆ ಫೋನಾಯಿಸಿದರೆ ಜೇನಿನಂಥ ಹೆಣ್ಣುದನಿ:
ನಿಮ್ಮ ಅರ್ಜಿ ಸ್ವೀಕರಿಸಲಾಗಿದೆ.
ಹೋದ ವರ್ಷವೂ ಅದೇ ಜೇನು.

ಕೆಳಗಿನವರು ಕೇಳುತ್ತಾರೆ, ಹತ್ತದ ಲಿಫ್ಟಿಗೆ ನಾವೇಕೆ ಕೊಡಬೇಕು?
ಮೇಲಿನವರು ಕೇಳುತ್ತಾರೆ, ನೆಲಮಾಳಿಗೆಯ ಸೊಳ್ಳೆ
ಒಂಬತ್ತನೇ ಮಹಡಿಗೆ ಹಾರುತ್ತದೆಯೇ?
ನಡುವಿನವರು ಇಬ್ಬರಿಗೂ ಹೌದು ಹೌದು ಎಂದು
ಬಾಗಿಲು ಹಾಕಿಕೊಳ್ಳುತ್ತಾರೆ.
ನನ್ನದು ಐದನೇ ಮಹಡಿ.

ವಾಶರು ಯಾರದೆಂದು ನನಗೆ ಗೊತ್ತಿತ್ತು.
ಎಂಟನೇ ಮಹಡಿಯ ಉಶಾಂಗಿ,
ವಿಮಾನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಲೇತಿನ ಮುಂದೆ ನಿಂತವನು.
ಬಾಲ್ಕನಿಯಲ್ಲಿ ಅರ ಉಜ್ಜುವ ಸದ್ದು ಈ ಕಿವಿಯಾರೆ ಕೇಳಿದ್ದೆ.
ಲೆಕ್ಕದ ಪುಸ್ತಕದಲ್ಲಿ ವಾಶರಿನ ಕಾಲಮ್ಮಿಗೆ
ಅವನ ಹೆಸರಿನ ಮೊದಲ ಅಕ್ಷರವನ್ನೇ ಇಟ್ಟಿದ್ದೆ.
ಲಿಫ್ಟಿನೊಳಗೆ ಚೀಟಿ ಅಂಟಿಸಿದೆ, ಹೆಸರು ಹಾಕದೆ:
ಕೆಲವರಿಗೆ ಕೈಚಳಕ ಇದೆ, ಮುಖಕ್ಕೆ ನಾಚಿಕೆ ಇಲ್ಲ.
ಓದಿದವರೆಲ್ಲ ಎಂಟರ ಗುಂಡಿಯ ಕಡೆ ನೋಡಿದರು.

ಅಂದಿನಿಂದ ಅವನು ಮೆಟ್ಟಿಲು ಹಿಡಿದ,
ಕೈಯಲ್ಲಿ ಆಲೂಗಡ್ಡೆ ಚೀಲ, ಮಹಡಿಗೊಮ್ಮೆ ನಿಂತು.
ನನ್ನ ಬಾಗಿಲಾಚೆ ಅವನ ಉಸಿರು ಕೇಳುತ್ತಿತ್ತು.
ಟಿವಿಯ ದನಿ ಏರಿಸಿದೆ.
ವಾಶರು ಬರುವುದು ನಿಲ್ಲಲಿಲ್ಲ;
ರಾತ್ರಿ ಕದ್ದು ಹತ್ತುತ್ತಾನೆ, ಅಂದುಕೊಂಡೆ.

ಹೊಸ ವರ್ಷದ ಮೂರನೇ ದಿನ ಹೋದ.
ಶವಪೆಟ್ಟಿಗೆ ಈ ಲಿಫ್ಟಿನಲ್ಲಿ ಹಿಡಿಸುವುದಿಲ್ಲ.
ಇದನ್ನು ಮಾಡಿದವರು ನಾವು ಸಾಯುವವರೆಂದು ಎಣಿಸಿರಲಿಲ್ಲ.
ಆರು ಜನ ಹೊತ್ತರು. ಗೋಚಾನೂ ಹೆಗಲು ಕೊಟ್ಟ,
ಜೀಪು ತೆಗೆದು ದಾರಿ ಬಿಟ್ಟ,
ಸಂಜೆ ಮತ್ತೆ ಅಲ್ಲೇ ತಂದು ನಿಲ್ಲಿಸಿದ.
ಆರನೇ ಮಹಡಿಯ ಕತ್ತಲ ತಿರುವಿನಲ್ಲಿ
ಫೋನಿನ ಬೆಳಕು ಹಿಡಿದು ನಿಂತವಳು ನಾನೇ.
ಪೆಟ್ಟಿಗೆಯ ಮೂಲೆ ತಾಗಿ ಗೋಡೆಯ ಸುಣ್ಣ ಉದುರಿತು.

ಫೆಬ್ರವರಿಯ ಮೊದಲ ಭಾನುವಾರ
ಪತ್ರಿಕೆಯ ಮೇಲೆ ಹನ್ನೊಂದು ವಾಶರು.
ಇನ್ನೊಮ್ಮೆ ಎಣಿಸಿದೆ.
ಹನ್ನೊಂದೇ.

ಅವನ ಹೆಂಡತಿ ತ್ಸಿಯಾಲಾ ಈಗಲೂ
ಮೆಟ್ಟಿಲನ್ನೇ ಹತ್ತುತ್ತಾಳೆ. ಕರೆದರೆ ತಿರುಗುವುದಿಲ್ಲ.

ಚಾಕುವಿನಿಂದ ಕೆರೆದು ಚೀಟಿ ಕಿತ್ತೆ, ಅಂಟು ಹೋಗಲಿಲ್ಲ.
ಮರುದಿನವೇ ಅದೇ ಅಂಟಿನ ಮೇಲೆ ಯಾರೋ
ಪೈಪು ರಿಪೇರಿಯವನ ನಂಬರು ಮೆತ್ತಿದ್ದಾರೆ.
ನೆಲಮಾಳಿಗೆಗೆ ಅವನನ್ನೇ ಕೇಳಿ ನೋಡಬೇಕು.
ಎಷ್ಟು ಹೇಳುತ್ತಾನೋ.